ಕಾಡು ನುಂಗಿದ ‘ಕಾನು’

ಪರಿಸರದ ಕೆಲಸ ಮಾಡುವವರು ರಾಜಕೀಯದ ಗೊಡವೆಗೆ ಹೋಗಬಾರದು ಎಂಬ ಬುದ್ಧಿಮಾತು ಗುಡ್ಡಗಾಡಿನ ಸಂಘಟನೆಗಳಿಗೆ ಹೊಸದಲ್ಲ. ಆಳುವ ಪಕ್ಷದವರೂ ಇದನ್ನು ಹೇಳುತ್ತಾರೆ, ವಿರೋಧ ಪಕ್ಷದವರೂ ಹೇಳುತ್ತಾರೆ. ಸಸಿ ನೆಡಿ, ಮಕ್ಕಳಿಗೆ ಹಕ್ಕಿ ತೋರಿಸಿ, ಜಾತ್ರೆ ಮುಗಿದ ಮೇಲೆ ಪ್ಲಾಸ್ಟಿಕ್ ಹೆಕ್ಕಿ; ಇವಕ್ಕೆಲ್ಲ ಶಾಲು, ಹಾರ, ಫಲತಾಂಬೂಲ ಸಿಗುತ್ತವೆ. ಆದರೆ ಇಂಥ ಕಾಡು ಯಾವ ಆದೇಶದ ಮೇಲೆ ಯಾರ ಹೆಸರಿಗೆ ಹೋಯಿತು ಎಂದು ಒಮ್ಮೆ ಕೇಳಿ ನೋಡಿ. ಅಲ್ಲಿಯವರೆಗೆ ಪರಿಸರಪ್ರೇಮಿಗಳಾಗಿದ್ದವರು ಆ ಕ್ಷಣವೇ ಅಭಿವೃದ್ಧಿ ವಿರೋಧಿಗಳಾಗುತ್ತಾರೆ, ಯಾರದೋ ಕೈಗೊಂಬೆಗಳಾಗುತ್ತಾರೆ.

ಈ ಬುದ್ಧಿಮಾತು ಎಷ್ಟು ಪೊಳ್ಳು ಎಂಬುದನ್ನು ತಿಳಿಯಲು ಪೂರ್ವ ಆಫ್ರಿಕದ ಕೀನ್ಯಾ ದೇಶದ ಕಳೆದ ಅರವತ್ತು ವರ್ಷಗಳ ಚರಿತ್ರೆಯನ್ನು ಓದಬೇಕು. ‘ಆಫ್ರಿಕ ಎಂದರೆ ಹಾಗೆಯೇ, ಅಲ್ಲಿ ಸರ್ವಾಧಿಕಾರ ಸಹಜ’ ಎಂದು ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮ ಅಕ್ಷರಸ್ಥರಲ್ಲಿದೆ. ಆ ಉದಾಸೀನದಲ್ಲಿ ಅಜ್ಞಾನವೂ ಇದೆ, ಅಹಂಕಾರವೂ ಇದೆ. ಕೀನ್ಯಾದ ಜನ ತಮ್ಮ ಆಳುವವರನ್ನು ಎದುರಿಸಿದ ರೀತಿ, ಅವರ ವಿರೋಧ ಪಕ್ಷಗಳು ಎಡವಿದ ರೀತಿ, ಅಲ್ಲಿನ ಹಳ್ಳಿಯ ಹೆಂಗಸರು ಸಸಿಮಡಿಯಿಂದ ಆರಂಭಿಸಿ ಅರಮನೆಯ ಬಾಗಿಲವರೆಗೆ ನಡೆದ ರೀತಿ, ಇವು ಬೆಟ್ಟದ ಬದುಕನ್ನು ಬಲ್ಲ ಯಾರಿಗಾದರೂ ಪಾಠವಾಗಬಲ್ಲವು.

ಒಂದೇ ಪಕ್ಷ, ಒಂದೇ ರಾಗ

ಕೀನ್ಯಾ 1963ರ ಡಿಸೆಂಬರ್ 12ರಂದು ಬ್ರಿಟಿಷರಿಂದ ಸ್ವತಂತ್ರವಾಯಿತು. ಅಧಿಕಾರಕ್ಕೆ ಬಂದ ಪಕ್ಷ ಕೀನ್ಯಾ ಆಫ್ರಿಕನ್ ನ್ಯಾಷನಲ್ ಯೂನಿಯನ್. ಅದರ ಆದ್ಯಕ್ಷರಗಳನ್ನು ಕೂಡಿಸಿ ಜನ ಅದನ್ನು ‘ಕಾನು’ ಎಂದೇ ಕರೆದರು. ಮಲೆನಾಡಿನವರಿಗೆ ಕಾನು ಎಂದರೆ ಕೊಡಲಿ ತಾಗದ ಹಸಿರು, ಊರಿನ ನೀರಿನ ತಾಯಿ. ಕೀನ್ಯಾದಲ್ಲಿ ಅದೇ ಸದ್ದಿನ ಹೆಸರು ಹೊತ್ತ ಪಕ್ಷ ನಾಲ್ಕು ದಶಕ ಆಳಿ, ದೇಶದ ಕಾಡನ್ನೇ ತನ್ನ ಬೊಕ್ಕಸ ಮಾಡಿಕೊಂಡಿತು.

ವಿರೋಧದ ದನಿಯನ್ನು ಅಡಗಿಸುವ ಕೆಲಸ ಸ್ವಾತಂತ್ರ್ಯ ಬಂದ ಎರಡೇ ವರ್ಷದೊಳಗೆ ಆರಂಭವಾಯಿತು. ಪಿಯೋ ಗಾಮಾ ಪಿಂಟೊ ಎಂಬ ಹೆಸರು ಕನ್ನಡಿಗರಿಗೆ ಗೊತ್ತಿರಬೇಕಾಗಿತ್ತು. ಗೋವಾ ಮೂಲದ ಕುಟುಂಬದಲ್ಲಿ 1927ರಲ್ಲಿ ನೈರೋಬಿಯಲ್ಲಿ ಹುಟ್ಟಿದ ಪಿಂಟೊ, ಓದಿಗೆಂದು ಭಾರತಕ್ಕೆ ಬಂದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿಯೂ ವಿಜ್ಞಾನ ಕಲಿತಿದ್ದರು. ಗೋವೆಯ ಪೋರ್ಚುಗೀಸ್ ಆಡಳಿತದ ವಿರುದ್ಧ ದುಡಿದು, ಕೀನ್ಯಾಕ್ಕೆ ಮರಳಿ, ಬ್ರಿಟಿಷರ ಬಂಧನ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದರು. ಬಿಳಿಯರು ಬಿಟ್ಟುಹೋದ ಭೂಮಿ ಹೊಸ ಮಂತ್ರಿಗಳ ಪಾಲಾಗಬಾರದು, ಉಳುವವರಿಗೆ ಸಿಗಬೇಕು ಎಂಬ ಪಕ್ಷದಲ್ಲಿ ಅವರು ನಿಂತಿದ್ದರು. 1965ರ ಫೆಬ್ರವರಿ 24ರಂದು ಅವರನ್ನು ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಲ್ಲಲಾಯಿತು. ಸ್ವತಂತ್ರ ಕೀನ್ಯಾದ ಮೊದಲ ರಾಜಕೀಯ ಕೊಲೆ ಅದು. ಜಗಳ ಆಗಲೂ ನೆಲದ್ದೇ ಆಗಿತ್ತು ಎಂಬುದನ್ನು ಗಮನಿಸಬೇಕು.

ಪಿಂಟೊ ಅವರ ಒಡನಾಡಿ, ಉಪಾಧ್ಯಕ್ಷರಾಗಿದ್ದ ಓಗಿಂಗಾ ಒಡಿಂಗಾ 1966ರಲ್ಲಿ ಕಾನು ಪಕ್ಷ ತೊರೆದು ಕೀನ್ಯಾ ಪೀಪಲ್ಸ್ ಯೂನಿಯನ್ ಕಟ್ಟಿದರು. 1969ರಲ್ಲಿ ಅಧ್ಯಕ್ಷ ಜೋಮೊ ಕೆನ್ಯಾಟಾ ಅದನ್ನು ನಿಷೇಧಿಸಿ ಒಡಿಂಗಾರನ್ನು ಬಂಧನದಲ್ಲಿಟ್ಟರು. ಅದೇ ವರ್ಷ ಮಂತ್ರಿ ಟಾಮ್ ಎಂಬೋಯಾ ಕೊಲೆಯಾದರು. 1975ರಲ್ಲಿ ಬಡವರ ಪರ ಮಾತಾಡುತ್ತಿದ್ದ ಸಂಸದ ಜೆ. ಎಂ. ಕರಿಯುಕಿ ಕೊಲೆಯಾದರು. ಕೆನ್ಯಾಟಾ 1978ರಲ್ಲಿ ತೀರಿಕೊಂಡಾಗ ಅಧಿಕಾರಕ್ಕೆ ಬಂದವರು ಡೇನಿಯಲ್ ಅರಪ್ ಮೋಯ್. ಅವರ ಆಳ್ವಿಕೆ ಇಪ್ಪತ್ತನಾಲ್ಕು ವರ್ಷ ನಡೆಯಿತು.

ಮೋಯ್ ಆಡಳಿತದ ಘೋಷಣೆ ‘ನ್ಯಾಯೊ’. ಸ್ವಾಹಿಲಿ ಭಾಷೆಯಲ್ಲಿ ಹೆಜ್ಜೆಗುರುತು ಎಂದರ್ಥ. ಮೊದಲು ಅದು ಕೆನ್ಯಾಟಾ ಅವರ ಹೆಜ್ಜೆಯಲ್ಲಿ ನಡೆಯುವ ಮಾತಾಗಿತ್ತು. ಬರಬರುತ್ತ ಎಲ್ಲರೂ ಮೋಯ್ ಹೆಜ್ಜೆಯಲ್ಲಿ ನಡೆಯುವ ಆಜ್ಞೆಯಾಯಿತು. 1982ರ ಜೂನ್‌ನಲ್ಲಿ ಸಂವಿಧಾನಕ್ಕೆ 2ಎ ಎಂಬ ವಿಧಿಯನ್ನು ಸೇರಿಸಿ ಕಾನು ಒಂದೇ ಕಾನೂನುಬದ್ಧ ಪಕ್ಷ ಎಂದು ಸಾರಲಾಯಿತು. ತಾನು ಹಾಡಿದ್ದನ್ನೇ ಮಂತ್ರಿಗಳೆಲ್ಲ ಗಿಳಿಗಳಂತೆ ಹಾಡಬೇಕು ಎಂದು ಮೋಯ್ 1984ರಲ್ಲಿ ಬಹಿರಂಗವಾಗಿಯೇ ಹೇಳಿದರು. 1988ರಲ್ಲಿ ನ್ಯಾಯಾಧೀಶರ ಸೇವಾಭದ್ರತೆಯನ್ನು ಕಿತ್ತುಹಾಕಲಾಯಿತು. ಅದೇ ವರ್ಷದ ಚುನಾವಣೆಗೆ ಅಭ್ಯರ್ಥಿಗಳನ್ನು ಆರಿಸಲು ಗುಪ್ತ ಮತದಾನದ ಬದಲು ಸಾಲು ನಿಲ್ಲಿಸುವ ಪದ್ಧತಿ ಬಂತು. ಮತದಾರ ತನ್ನ ಅಭ್ಯರ್ಥಿಯ ಬೆನ್ನ ಹಿಂದೆ ಬಯಲಿನಲ್ಲಿ, ಅಧಿಕಾರಿಗಳ ಕಣ್ಣೆದುರು ಸಾಲುಗಟ್ಟಬೇಕು. ಉದ್ದ ಸಾಲಿನವರು ಸೋತು ಮೋಟು ಸಾಲಿನವರು ಗೆದ್ದ ಪ್ರಸಂಗಗಳು ಆ ದೇಶದ ಮನೆಮಾತಾದವು. ನೈರೋಬಿಯ ನಡುವೆ ನಿಂತ ನ್ಯಾಯೊ ಹೌಸ್ ಎಂಬ ಸರ್ಕಾರಿ ಕಟ್ಟಡದ ನೆಲಮಾಳಿಗೆಯಲ್ಲಿ ಅಧ್ಯಾಪಕರು, ವಿದ್ಯಾರ್ಥಿಗಳು, ವಕೀಲರು ಚಿತ್ರಹಿಂಸೆ ಅನುಭವಿಸಿದರು.

ಇದರಲ್ಲಿ ನಾವು ಕಾಣಬೇಕಾದ ಸಂಗತಿಯೊಂದಿದೆ. ಮೋಯ್ ಸಂಸತ್ತನ್ನು ಮುಚ್ಚಲಿಲ್ಲ, ನ್ಯಾಯಾಲಯಗಳಿಗೆ ಬೀಗ ಹಾಕಲಿಲ್ಲ, ಚುನಾವಣೆಗಳನ್ನು ನಿಲ್ಲಿಸಲಿಲ್ಲ. ಎಲ್ಲವೂ ಇದ್ದವು, ಎಲ್ಲವೂ ಒಂದೇ ರಾಗ ಹಾಡುತ್ತಿದ್ದವು. ಸಂಸ್ಥೆಗಳ ಹೊರಗೋಡೆಯನ್ನು ಉಳಿಸಿ ಒಳತಿರುಳನ್ನು ತಿನ್ನುವ ಈ ವಿಧಾನ, ಗೆದ್ದಲು ಹಿಡಿದ ತೊಲೆಯಂತೆ, ಕೈಯಿಟ್ಟು ನೋಡುವವರೆಗೆ ಗೊತ್ತಾಗುವುದಿಲ್ಲ.

ಸಸಿಮಡಿಯಿಂದ ಸೆರೆಮನೆಗೆ

ಕೈಯಿಟ್ಟು ನೋಡಿದವರಲ್ಲಿ ಮುಖ್ಯರು ವಂಗಾರಿ ಮಾಥಾಯ್. 1940ರಲ್ಲಿ ನ್ಯೇರಿ ಸೀಮೆಯ ಇಹಿಥೆ ಎಂಬ ಗುಡ್ಡದ ಹಳ್ಳಿಯಲ್ಲಿ ಹುಟ್ಟಿದ ಅವರು 1971ರಲ್ಲಿ ನೈರೋಬಿ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಪೂರ್ವ ಮತ್ತು ಮಧ್ಯ ಆಫ್ರಿಕದಲ್ಲಿ ಈ ಪದವಿ ಪಡೆದ ಮೊದಲ ಮಹಿಳೆ ಅವರು. 1977ರ ಜೂನ್ 5ರಂದು ಏಳು ಸಸಿಗಳನ್ನು ನೆಟ್ಟು ಅವರು ಆರಂಭಿಸಿದ ಕೆಲಸವೇ ಮುಂದೆ ಗ್ರೀನ್ ಬೆಲ್ಟ್ ಚಳವಳಿಯಾಯಿತು. ಸೌದೆಗೆ ಮೈಲಿಗಟ್ಟಲೆ ನಡೆಯುತ್ತಿದ್ದ, ಬತ್ತಿದ ತೊರೆಗಳನ್ನು ನೋಡಿ ಕಂಗಾಲಾಗಿದ್ದ ಹಳ್ಳಿಯ ಹೆಂಗಸರು ತಾವೇ ಬೀಜ ಆರಿಸಿ, ಸಸಿ ಮಾಡಿ, ಬದುಕಿ ಉಳಿದ ಪ್ರತಿ ಗಿಡಕ್ಕೆ ಸಣ್ಣ ಮೊತ್ತದ ಸಂಭಾವನೆ ಪಡೆಯುವ ವ್ಯವಸ್ಥೆ ಅದು. 2004ರ ಹೊತ್ತಿಗೆ ಅವರು ನೆಟ್ಟ ಮರಗಳ ಸಂಖ್ಯೆ 3 ಕೋಟಿ ಮೀರಿತ್ತು.

ಗಿಡ ನೆಡುವುದರಲ್ಲಿ ರಾಜಕೀಯ ಎಲ್ಲಿಂದ ಬಂತು? ಹುಡುಕಿಕೊಂಡು ಹೋಗಬೇಕಾಗಲಿಲ್ಲ, ಅದೇ ಮನೆಗೆ ಬಂತು. ಪರವಾನಗಿ ಇಲ್ಲದೆ ಒಂಬತ್ತಕ್ಕಿಂತ ಹೆಚ್ಚು ಜನ ಸಭೆ ಸೇರುವುದು ವಸಾಹತುಕಾಲದ ಕಾನೂನಿನ ಪ್ರಕಾರ ಅಪರಾಧವಾಗಿತ್ತು. ಬ್ರಿಟಿಷರು ಹೋದರೂ ಆ ಕಾನೂನು ಹೋಗಿರಲಿಲ್ಲ. ಹಳ್ಳಿಯ ಹತ್ತು ಹೆಂಗಸರು ಸಸಿಮಡಿಯ ಲೆಕ್ಕ ನೋಡಲು ಕೂತರೂ ಅದು ಅಕ್ರಮ ಕೂಟ. ಪರವಾನಗಿ ಬೇಕಾದರೆ ಜನ ಆರಿಸದ, ಅಧ್ಯಕ್ಷರ ಕಚೇರಿಗೆ ಮಾತ್ರ ಉತ್ತರಿಸುವ ಆಡಳಿತದ ಮುಂದೆ ಕೈಕಟ್ಟಿ ನಿಲ್ಲಬೇಕು. ಹೀಗಿರುವಾಗ ‘ನಾವು ಗಿಡವನ್ನಷ್ಟೇ ನೆಡುತ್ತೇವೆ’ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

1989ರಲ್ಲಿ ನೈರೋಬಿಯ ಉಹುರು ಉದ್ಯಾನದಲ್ಲಿ, ಅಂದರೆ ಸ್ವಾತಂತ್ರ್ಯ ಉದ್ಯಾನದಲ್ಲಿ, ಕಾನು ಪಕ್ಷದ ಪತ್ರಿಕಾ ಸಂಸ್ಥೆ ಬ್ರಿಟನ್ನಿನ ಪತ್ರಿಕೋದ್ಯಮಿ ರಾಬರ್ಟ್ ಮ್ಯಾಕ್ಸ್‌ವೆಲ್ ಜತೆಗೂಡಿ 60 ಅಂತಸ್ತಿನ ಗೋಪುರ ಕಟ್ಟಲು ಹೊರಟಿತು. ಅದರ ಜತೆಗೆ ಮೋಯ್ ಅವರ ದೊಡ್ಡದೊಂದು ಪ್ರತಿಮೆ. ಹಣ ವಿದೇಶಿ ಸಾಲದ್ದು. ನೆಲ ಬಡವರು ಭಾನುವಾರ ಮಕ್ಕಳೊಂದಿಗೆ ಕೂರುವ ಹುಲ್ಲುಹಾಸು. ಮಾಥಾಯ್ ಪತ್ರದ ಮೇಲೆ ಪತ್ರ ಬರೆದರು, ನ್ಯಾಯಾಲಯಕ್ಕೆ ಹೋದರು. ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ಸಂಸತ್ತಿನಲ್ಲಿ ಸದಸ್ಯರು ಎದ್ದು ನಿಂತು ಇದು ಗಂಡ ಬಿಟ್ಟವರ ಗುಂಪು ಎಂದು ಹೀಯಾಳಿಸಿದರು. ವಿರೋಧಿಸುವವರ ತಲೆಯಲ್ಲಿ ಹುಳ ಹೊಕ್ಕಿದೆ ಎಂದು ಮೋಯ್ ಅಂದರು. ಆಫ್ರಿಕದ ಸಂಪ್ರದಾಯ ಬಲ್ಲ ಹೆಂಗಸು ಗಂಡಸರಿಗೆ ಗೌರವ ಕೊಟ್ಟು ಸುಮ್ಮನಿರಬೇಕೆಂದು ಉಪದೇಶಿಸಿದರು. ಚಳವಳಿಯನ್ನು ಅದರ ಕಚೇರಿಯಿಂದ ಹೊರಹಾಕಲಾಯಿತು. ಆದರೆ ಗದ್ದಲ ಕೇಳಿ ಹೂಡಿಕೆದಾರರು ಹಿಂದೆ ಸರಿದರು. 1992ರ ಹೊತ್ತಿಗೆ ಗೋಪುರದ ಬೇಲಿ ಕಿತ್ತುಹೋಯಿತು.

ಮರೆಯಬಾರದ ಇನ್ನೊಂದು ಸಂಗತಿ ಇದೆ. ಅದೇ 1989ರ ಜುಲೈ ತಿಂಗಳಲ್ಲಿ ಮೋಯ್ 12 ಟನ್ ಆನೆದಂತವನ್ನು ಬಹಿರಂಗವಾಗಿ ಸುಟ್ಟು ಜಗತ್ತಿನ ಚಪ್ಪಾಳೆ ಗಿಟ್ಟಿಸಿದ್ದರು. ಮಣ್ಣು ಸಂರಕ್ಷಣೆ ಮತ್ತು ಅರಣ್ಯೀಕರಣಕ್ಕೆಂದು 1981ರಲ್ಲಿಯೇ ಅಧ್ಯಕ್ಷರ ಶಾಶ್ವತ ಆಯೋಗವೊಂದನ್ನು ಸ್ಥಾಪಿಸಿದ್ದರು. ಸರ್ವಾಧಿಕಾರಿಗೆ ಹಸಿರು ಶಾಲು ಹೊದ್ದುಕೊಳ್ಳಲು ಯಾವ ಸಂಕೋಚವೂ ಇರುವುದಿಲ್ಲ. ‘ಗಟ್ಟಿ ಕೈಯ ನಾಯಕ ಬಂದರೆ ಕಾಡಾದರೂ ಉಳಿದೀತು’ ಎಂದು ನಂಬುವ ನಮ್ಮ ವಿದ್ಯಾರ್ಥಿ ಮಿತ್ರರು ಈ ಎರಡು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಲಿ: ಒಂದು ಕೈಯಲ್ಲಿ ದಂತ ಸುಡುವ ಪಂಜು, ಇನ್ನೊಂದು ಕೈಯಲ್ಲಿ ಉದ್ಯಾನ ನುಂಗುವ ನಕ್ಷೆ.

1992ರ ಫೆಬ್ರವರಿ ಕೊನೆಯಲ್ಲಿ ರಾಜಕೀಯ ಕೈದಿಗಳ ತಾಯಂದಿರು ಅದೇ ಉದ್ಯಾನದಲ್ಲಿ ಉಪವಾಸ ಕೂತರು. ಮಾಥಾಯ್ ಅವರ ಜತೆ ಕೂತರು. ಮಾರ್ಚ್ 3ರಂದು ಪೊಲೀಸರು ಅಶ್ರುವಾಯು ಮತ್ತು ಲಾಠಿಗಳೊಂದಿಗೆ ನುಗ್ಗಿದಾಗ ಮುದುಕಿಯರು ಬಟ್ಟೆ ಕಳಚಿ ನಿಂತರು. ಮಗನ ವಯಸ್ಸಿನವನಿಗೆ ತಾಯಿ ಕೊಡುವ ಶಾಪ ಅದು. ಮಾಥಾಯ್ ಪ್ರಜ್ಞೆ ತಪ್ಪಿ ಬಿದ್ದರು. ತಾಯಂದಿರು ಹತ್ತಿರದ ಆಲ್ ಸೇಂಟ್ಸ್ ಇಗರ್ಜಿಯಲ್ಲಿ ಸುಮಾರು ಒಂದು ವರ್ಷ ಬಿಡಾರ ಹೂಡಿದರು. 1993ರಲ್ಲಿ ಕೈದಿಗಳಲ್ಲಿ ಬಹುತೇಕರ ಬಿಡುಗಡೆಯಾಯಿತು. ಮರಕ್ಕೂ ಮಗನಿಗೂ ನಡೆದ ಹೋರಾಟ ಒಂದೇ ಹುಲ್ಲುಹಾಸಿನ ಮೇಲೆ ನಡೆಯಿತು.

ಕಾಡೇ ಚುನಾವಣೆಯ ಹಣ

ಕೀನ್ಯಾದ ಹಳೆಯ ಅರಣ್ಯ ಕಾನೂನಿನಲ್ಲಿ ಒಂದು ಸಣ್ಣ ಬಾಗಿಲಿತ್ತು. ಮಂತ್ರಿಯೊಬ್ಬ ರಾಜ್ಯಪತ್ರದಲ್ಲಿ 28 ದಿನಗಳ ಪ್ರಕಟಣೆ ಹೊರಡಿಸಿ ಇಂಥ ಕಾಡು ಇನ್ನು ಕಾಡಲ್ಲ ಎಂದರೆ ಮುಗಿಯಿತು. ಸಂಸತ್ತನ್ನು ಕೇಳಬೇಕಿಲ್ಲ, ಊರಿನವರನ್ನು ಕೇಳಬೇಕಿಲ್ಲ. ಒಂದೇ ಪಕ್ಷದ ಆಡಳಿತದಲ್ಲಿ ಈ ಬಾಗಿಲು ಹೆಬ್ಬಾಗಿಲಾಯಿತು. ಡೀನೋಟಿಫಿಕೇಶನ್ ಎಂಬ ಪದದ ಅರ್ಥವನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನೈರೋಬಿಯ ಅಂಚಿನಲ್ಲಿರುವ ಸುಮಾರು 1,000 ಹೆಕ್ಟೇರಿನ ಕರೂರಾ ಅರಣ್ಯವನ್ನು ಹೀಗೆಯೇ ತುಂಡರಿಸಿ ಆಪ್ತರಿಗೆ ಹಂಚಲಾಗಿದೆ ಎಂಬುದು 1998ರಲ್ಲಿ ಬಯಲಾಯಿತು. 1999ರ ಜನವರಿ 8ರಂದು ಸಸಿ ನೆಡಲು ಹೋದ ಮಾಥಾಯ್ ಮತ್ತು ಸಂಗಡಿಗರ ಮೇಲೆ ಬಾಡಿಗೆ ಕಾವಲುಗಾರರು ದೊಣ್ಣೆ, ಮಚ್ಚುಗಳೊಂದಿಗೆ ಬಿದ್ದರು. ತಲೆಯೊಡೆದ ಮಾಥಾಯ್ ಠಾಣೆಗೆ ಹೋಗಿ ದೂರಿನ ಕೆಳಗೆ ತನ್ನ ರಕ್ತದಿಂದಲೇ ಸಹಿ ಹಾಕಿದರು. ಮುಂದಿನ ವಾರಗಳಲ್ಲಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಬೀದಿಗಿಳಿದರು. ಅದೇ ವರ್ಷದ ಆಗಸ್ಟ್ 16ರಂದು ಮೋಯ್ ಸಾರ್ವಜನಿಕ ಭೂಮಿಯ ಹಂಚಿಕೆಯನ್ನು ನಿಲ್ಲಿಸಿದ್ದಾಗಿ ಘೋಷಿಸಬೇಕಾಯಿತು. ಕರೂರಾ ಇಂದಿಗೂ ಕಾಡಾಗಿ ಉಳಿದಿದೆ.

ಘೋಷಣೆಗೂ ಆಚರಣೆಗೂ ಎಷ್ಟು ದೂರ! 2001ರಲ್ಲಿ, ಚುನಾವಣೆ ಹತ್ತಿರವಾಗುತ್ತಿದ್ದಂತೆ, ಸರ್ಕಾರ ಸುಮಾರು 67,000 ಹೆಕ್ಟೇರ್ ಕಾಡನ್ನು ಪಟ್ಟಿಯಿಂದ ತೆಗೆಯಹೊರಟಿತು. ಇದರಲ್ಲಿ ಬಹುಪಾಲು ಮೌ ಅರಣ್ಯದ್ದು. ಮೌ ಎಂದರೆ ಕೀನ್ಯಾದ ನೀರಿನ ಗೋಪುರ; ಮಾರಾ, ಸೋಂಡು ಮುಂತಾದ ನದಿಗಳ ತವರು. ಇದನ್ನು ವಿರೋಧಿಸಿ ಸಹಿ ಸಂಗ್ರಹಿಸುತ್ತಿದ್ದ ಮಾಥಾಯ್ ಅವರನ್ನು ಆ ವರ್ಷದ ಮಾರ್ಚ್‌ನಲ್ಲಿ ಬಂಧಿಸಲಾಯಿತು. ಭೂಹೀನರಿಗೆ ಭೂಮಿ ಕೊಡುತ್ತೇವೆ ಎಂಬುದು ಸರ್ಕಾರದ ಸಮಜಾಯಿಷಿ. ಕಾನು ಸೋತ ನಂತರ 2003ರಲ್ಲಿ ನೇಮಕವಾದ ಎಂಡುಂಗು ಆಯೋಗ ಮರುವರ್ಷ ಕೊಟ್ಟ ವರದಿ ಸತ್ಯವನ್ನು ಬಿಚ್ಚಿಟ್ಟಿತು: ಸಾರ್ವಜನಿಕ ಭೂಮಿಯ ಅಕ್ರಮ ಹಂಚಿಕೆ 1992, 1997 ಮತ್ತು 2002ರ ಚುನಾವಣೆಗಳ ಆಸುಪಾಸಿನಲ್ಲಿ ಉಕ್ಕಿ ಹರಿದಿತ್ತು. ಭೂಹೀನರ ಹೆಸರಿನಲ್ಲಿ ಕಡಿದ ಕಾಡು ಅಧಿಕಾರದ ಹತ್ತಿರದವರ ಪಾಲಾಗಿತ್ತು. ಕಾಡು ಅಲ್ಲಿ ಮರಗಳ ಸಮೂಹವಾಗಿ ಉಳಿದಿರಲಿಲ್ಲ. ನಿಷ್ಠೆಯನ್ನು ಕೊಳ್ಳುವ ನಾಣ್ಯವಾಗಿತ್ತು. ಇಂಥ ನಾಣ್ಯವನ್ನು ಟಂಕಿಸುವ ಯಂತ್ರವನ್ನು ಮುಟ್ಟದೆ ಕಾಡನ್ನು ಮಾತ್ರ ಉಳಿಸುತ್ತೇವೆ ಎನ್ನುವವರು ತಮ್ಮನ್ನೇ ವಂಚಿಸಿಕೊಳ್ಳುತ್ತಾರೆ.

ವಿರೋಧ ಪಕ್ಷಗಳ ಪಾಪ

ಹಾಗಾದರೆ ಪರಿಸರದವರು ವಿರೋಧ ಪಕ್ಷದ ಬಾವುಟ ಹಿಡಿದರೆ ಸಾಕೇ? ಕೀನ್ಯಾದ ಚರಿತ್ರೆ ಇದಕ್ಕೂ ಕಹಿಯಾದ ಉತ್ತರ ಕೊಡುತ್ತದೆ.

1990ರ ಜುಲೈ 7ರಂದು ಬಹುಪಕ್ಷ ಪದ್ಧತಿಗೆ ಆಗ್ರಹಿಸಿ ನೈರೋಬಿಯ ಕಮುಕುಂಜಿ ಬಯಲಿನಲ್ಲಿ ಸಭೆ ಕರೆಯಲಾಗಿತ್ತು. ಕರೆದ ನಾಯಕರಾದ ಕೆನೆತ್ ಮಟಿಬಾ ಮತ್ತು ಚಾರ್ಲ್ಸ್ ರುಬಿಯಾ ಅವರನ್ನು ಮೊದಲೇ ಬಂಧಿಸಲಾಯಿತು. ಆದರೂ ಜನ ಬಂದರು. ಗುಂಡೇಟಿಗೆ ಕನಿಷ್ಠ 20 ಜನ ಬಲಿಯಾದರು. ಸ್ವಾಹಿಲಿಯಲ್ಲಿ ‘ಸಬಾ ಸಬಾ’, ಏಳು ಏಳು, ಎಂದು ಆ ದಿನವನ್ನು ಇಂದಿಗೂ ನೆನೆಯುತ್ತಾರೆ. ಶೀತಲ ಸಮರದ ಕಾಲವೆಲ್ಲ ಮೋಯ್ ಬೆನ್ನು ತಟ್ಟಿದ್ದ ಪಶ್ಚಿಮದ ದೇಶಗಳು 1991ರ ನವೆಂಬರ್‌ನಲ್ಲಿ ನೆರವು ನಿಲ್ಲಿಸಿದವು. ಡಿಸೆಂಬರ್‌ನಲ್ಲಿ 2ಎ ವಿಧಿ ರದ್ದಾಯಿತು. ಇದನ್ನು ದಾನಿಗಳ ಕೃಪೆ ಎಂದು ಬರೆಯುವವರಿದ್ದಾರೆ. ಅದಕ್ಕೆ ಮೊದಲು ನೆಲಕ್ಕೆ ಬಿದ್ದ ರಕ್ತ ಯಾವ ದಾನಿಯದೂ ಆಗಿರಲಿಲ್ಲ.

ಆದರೆ ಗೆಲುವು ಕೈಗೆ ಬಂದಂತೆ ಕಂಡಾಗಲೇ ವಿರೋಧಿಗಳ ಕೂಟ ಒಡೆಯಿತು. ಯಾರು ಅಧ್ಯಕ್ಷರಾಗಬೇಕು ಎಂಬ ಒಂದೇ ಪ್ರಶ್ನೆಗೆ ಫೋರ್ಡ್ ಎಂಬ ವೇದಿಕೆ ಎರಡು ಹೋಳಾಯಿತು. ಒಂದರ ಮುಂದೆ ಓಗಿಂಗಾ ಒಡಿಂಗಾ, ಇನ್ನೊಂದರ ಮುಂದೆ ಮಟಿಬಾ. ಕಾನು ಪಕ್ಷದಿಂದ ಹೊರಬಂದ ಮ್ವಾಯ್ ಕಿಬಾಕಿ ಮೂರನೆಯ ಪಕ್ಷ ಕಟ್ಟಿದರು. ಪ್ರತಿಯೊಬ್ಬರ ಹಿಂದೆಯೂ ಅವರವರ ಬುಡಕಟ್ಟಿನ ಮತ. 1992ರ ಡಿಸೆಂಬರ್ 29ರ ಚುನಾವಣೆಯಲ್ಲಿ ಮೋಯ್ ಪಡೆದದ್ದು ಶೇ. 36ರಷ್ಟು ಮತ ಮಾತ್ರ. ಉಳಿದ ಮತ ಹಂಚಿಹೋದ ಕಾರಣ ಅವರೇ ಗೆದ್ದರು. ಒಗ್ಗೂಡಿಸಲು ಮಾಥಾಯ್ ಮತ್ತಿತರರು ಮಾಡಿದ ಪ್ರಯತ್ನ ವ್ಯರ್ಥವಾಯಿತು. 1997ರಲ್ಲಿ ಅದೇ ಕತೆ, ಮೋಯ್‌ಗೆ ಶೇ. 40. ಆ ಸಲ ಮಾಥಾಯ್ ಅವರೂ ಅಧ್ಯಕ್ಷ ಸ್ಥಾನಕ್ಕೆ ನಿಂತು ಬೆರಳೆಣಿಕೆಯ ಮತ ಪಡೆದರು. ಚಳವಳಿಯಲ್ಲಿ ಗಳಿಸಿದ ಗೌರವ ತಾನಾಗಿಯೇ ಮತವಾಗದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಒಡಕನ್ನು ಆಳುವವರು ಕೈಕಟ್ಟಿ ನೋಡುತ್ತ ಕೂತಿರಲಿಲ್ಲ, ನೀರೆರೆದು ಬೆಳೆಸಿದರು. 1991ರಿಂದ 1993ರ ನಡುವೆ ರಿಫ್ಟ್ ಕಣಿವೆಯಲ್ಲಿ ಬುಡಕಟ್ಟುಗಳ ನಡುವೆ ಹಬ್ಬಿಸಿದ ಹಿಂಸೆಯಲ್ಲಿ ಸುಮಾರು 1,500 ಜನ ಸತ್ತು, 3 ಲಕ್ಷದಷ್ಟು ಜನ ಮನೆಮಠ ಕಳೆದುಕೊಂಡರೆಂದು ಮಾನವ ಹಕ್ಕುಗಳ ಸಂಘಟನೆಗಳು ದಾಖಲಿಸಿವೆ. ನಿನ್ನೆಯವರೆಗೆ ಒಂದೇ ಸಂತೆಗೆ ಹೋಗುತ್ತಿದ್ದವರನ್ನು ‘ಮೂಲದವರು’, ‘ಬಂದವರು’ ಎಂದು ಬೇರ್ಪಡಿಸಿದರೆ, ಇಬ್ಬರ ಕಾಲಡಿಯ ನೆಲವನ್ನೂ ಮೂರನೆಯವನು ಎಳೆದುಕೊಳ್ಳುವುದು ಸುಲಭ.

2002ರಲ್ಲಿ ಕೊನೆಗೂ ವಿರೋಧಿಗಳು ಒಂದಾದರು. ಕಿಬಾಕಿ ಶೇ. 62ರಷ್ಟು ಮತ ಪಡೆದು ಕಾನು ಆಳ್ವಿಕೆಯನ್ನು ಕೊನೆಗೊಳಿಸಿದರು. ಮಾಥಾಯ್ ತಮ್ಮ ಟೆಟು ಕ್ಷೇತ್ರದಿಂದ ಶೇ. 98ರಷ್ಟು ಮತ ಪಡೆದು ಸಂಸತ್ತಿಗೆ ಬಂದರು, 2003ರಲ್ಲಿ ಪರಿಸರ ಖಾತೆಯ ಸಹಾಯಕ ಸಚಿವೆಯಾದರು, 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. 2005ರ ಹೊಸ ಅರಣ್ಯ ಕಾನೂನು ಮಂತ್ರಿಯ ಆ ಹಳೆಯ ಬಾಗಿಲನ್ನು ಮುಚ್ಚಿತು. ಇವೆಲ್ಲ ನಿಜವಾದ ಗಳಿಕೆಗಳು. ಆದರೆ ಗೆದ್ದವರು ಬೇಗನೆ ಕಿತ್ತಾಡಿದರು, ಹೊಸ ಹಗರಣಗಳಲ್ಲಿ ಮುಳುಗಿದರು. 2007ರ ಡಿಸೆಂಬರ್ ಚುನಾವಣೆಯ ಫಲಿತಾಂಶದ ವಿವಾದ ಮತ್ತೆ ಬುಡಕಟ್ಟುಗಳ ನಡುವೆ ಬೆಂಕಿಯಾಗಿ 1,100ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ನಿನ್ನೆ ಸೆರೆಮನೆಯಲ್ಲಿದ್ದವನು ಇಂದು ಗದ್ದುಗೆಯೇರಿದ ಮಾತ್ರಕ್ಕೆ ಗದ್ದುಗೆಯ ಗುಣ ಬದಲಾಗುವುದಿಲ್ಲ.

ಕಾಡಿನ ಹೆಸರಿನ ದಬ್ಬಾಳಿಕೆ

ಇನ್ನೊಂದು ಸಂಗತಿಯನ್ನು ಪರಿಸರದವರಾದ ನಾವೇ ಹೇಳಬೇಕು, ಬೇರೆ ಯಾರೂ ಹೇಳುವುದಿಲ್ಲ. ಮೌ ಅರಣ್ಯದಲ್ಲಿ ಒಗಿಯೆಕ್ ಎಂಬ ಜನ ತಲೆತಲಾಂತರದಿಂದ ಬೇಟೆಯಾಡುತ್ತ, ಜೇನು ಕೀಳುತ್ತ ಬದುಕಿದವರು. ದೊಡ್ಡವರು ಕಾಡನ್ನು ಎಸ್ಟೇಟು ಮಾಡಿಕೊಂಡರು. ಕಾಡು ಉಳಿಸುವ ಕಾಲ ಬಂದಾಗ ಮೊದಲು ಗುಡಿಸಲು ಕಿತ್ತದ್ದು ಒಗಿಯೆಕ್‌ರದ್ದು. 2017ರ ಮೇ ತಿಂಗಳಲ್ಲಿ ಆಫ್ರಿಕದ ಮಾನವ ಹಕ್ಕುಗಳ ನ್ಯಾಯಾಲಯವು ಕೀನ್ಯಾ ಸರ್ಕಾರ ಇವರ ಹಕ್ಕುಗಳನ್ನು ಉಲ್ಲಂಘಿಸಿದೆ ಎಂದು ತೀರ್ಪಿತ್ತಿತು. 2022ರಲ್ಲಿ ಪರಿಹಾರ ಕೊಡಲು ಆದೇಶಿಸಿತು. 2023ರ ನವೆಂಬರ್‌ನಲ್ಲಿ ಮತ್ತೆ ಮನೆಗಳನ್ನು ಕೆಡವಲಾಯಿತು.

ಅದೇ ನವೆಂಬರ್‌ನ 13ರಂದು ಅಧ್ಯಕ್ಷ ವಿಲಿಯಂ ರುಟೊ ದೇಶಕ್ಕೆ ರಜೆ ಕೊಟ್ಟು ಎಲ್ಲರೂ ಗಿಡ ನೆಡಬೇಕೆಂದು ಕರೆಯಿತ್ತಿದ್ದರು. 2032ರೊಳಗೆ 1,500 ಕೋಟಿ ಮರ ಬೆಳೆಸುವುದು ಅವರ ಯೋಜನೆ. ನಾಲ್ಕೇ ತಿಂಗಳ ಹಿಂದೆ, 2018ರಿಂದ ಜಾರಿಯಲ್ಲಿದ್ದ ಮರ ಕಡಿತದ ನಿಷೇಧವನ್ನು ತೆರವುಗೊಳಿಸಿದ್ದೂ ಇವರೇ. ನ್ಯಾಯಾಲಯ ಅದಕ್ಕೆ ತಡೆ ಹಾಕಬೇಕಾಯಿತು. ರುಟೊ 1992ರಲ್ಲಿ ಮೋಯ್ ಗೆಲುವಿಗೆ ದುಡಿದ ಕಾನು ಯುವಪಡೆಯಲ್ಲಿ ರಾಜಕೀಯ ಕಲಿತವರು ಎಂಬುದನ್ನು ಇಲ್ಲಿ ನೆನೆಯಬಹುದು. ಕೋಟಿ ಲೆಕ್ಕದ ಸಸಿಗಳ ಜಾಹೀರಾತು ಕಂಡಾಗಲೆಲ್ಲ, ನಿಂತ ಮರಗಳ ಗತಿಯೇನು, ಅವುಗಳ ನೆರಳಿನಲ್ಲಿದ್ದವರ ಗತಿಯೇನು ಎಂದು ಕೇಳುವುದು ಪರಿಸರ ಚಳವಳಿಯ ಮೊದಲ ಕರ್ತವ್ಯ.

ನಾಯಕರಿಲ್ಲದ ತಲೆಮಾರು

2010ರಲ್ಲಿ ಕೀನ್ಯಾದ ಜನ ಜನಮತಗಣನೆಯಲ್ಲಿ ಹೊಸ ಸಂವಿಧಾನವನ್ನು ಒಪ್ಪಿದರು. ಸ್ವಚ್ಛ ಪರಿಸರವನ್ನು ಅದು ಹಕ್ಕೆಂದು ಸಾರಿದೆ. ನ್ಯಾಯಾಂಗಕ್ಕೆ ಬೆನ್ನೆಲುಬು ಬಂತು. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅಧ್ಯಕ್ಷೀಯ ಚುನಾವಣೆಯನ್ನೇ ರದ್ದುಪಡಿಸಿತು. ಆದರೂ 2024ರ ಜೂನ್‌ನಲ್ಲಿ ತೆರಿಗೆ ಹೊರೆಯ ಹಣಕಾಸು ಮಸೂದೆಯ ವಿರುದ್ಧ ಎದ್ದ ಯುವಜನರಿಗೆ ಸಿಕ್ಕಿದ್ದು ಗುಂಡು. ಯಾವ ಪಕ್ಷದ, ಯಾವ ಬುಡಕಟ್ಟಿನ ನಾಯಕನನ್ನೂ ಮುಂದಿಟ್ಟುಕೊಳ್ಳದೆ ಅವರು ಬಂದಿದ್ದರು. ಜೂನ್ 25ರಂದು ಸಂಸತ್ ಭವನದೊಳಗೆ ನುಗ್ಗಿದರು. ಮರುದಿನ ರುಟೊ ಮಸೂದೆಗೆ ಸಹಿ ಹಾಕಲು ನಿರಾಕರಿಸಿದರು. ಆ ತಿಂಗಳುಗಳ ಪ್ರತಿಭಟನೆಗಳಲ್ಲಿ ಸುಮಾರು 60 ಜನ ಸತ್ತರೆಂದು ಅಲ್ಲಿನ ಮಾನವ ಹಕ್ಕುಗಳ ಆಯೋಗ ಹೇಳಿತು. ಅನೇಕ ಯುವಕರು ರಾತ್ರೋರಾತ್ರಿ ಕಾಣೆಯಾದರು. 2025ರ ಸಬಾ ಸಬಾ ದಿನದಂದು ಮತ್ತೆ 30ಕ್ಕೂ ಹೆಚ್ಚು ಜನ ಬಲಿಯಾದರು.

ವಿರೋಧ ಪಕ್ಷ ಆಗ ಏನು ಮಾಡಿತು? 2024ರ ಜುಲೈನಲ್ಲಿ, ಸತ್ತವರ ಮನೆಗಳಲ್ಲಿ ಸೂತಕ ಕಳೆಯುವ ಮುನ್ನ, ರೈಲಾ ಒಡಿಂಗಾ ಅವರ ಪಕ್ಷದ ಪ್ರಮುಖರು ರುಟೊ ಸಂಪುಟಕ್ಕೆ ಮಂತ್ರಿಗಳಾಗಿ ಹೆಸರಿಸಲ್ಪಟ್ಟರು. ರೈಲಾ ಅವರು ಓಗಿಂಗಾ ಅವರ ಮಗ. ಮೋಯ್ ಕಾಲದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವರು. ಐದು ಸಲ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತವರು. 2025ರ ಅಕ್ಟೋಬರ್ 15ರಂದು, ಆಯುರ್ವೇದ ಚಿಕಿತ್ಸೆಗೆಂದು ಬಂದಿದ್ದ ಕೇರಳದ ಕೂತಾಟ್ಟುಕುಲಂನಲ್ಲಿ ಅವರು ತೀರಿಕೊಂಡರು. ಅವರ ತ್ಯಾಗವನ್ನು ಅಲ್ಲಗಳೆಯಲಾಗದು. ಆದರೆ ಬೀದಿಯ ರಕ್ತವನ್ನು ಸಂಪುಟದ ಕುರ್ಚಿಗೆ ವಿನಿಮಯ ಮಾಡಿಕೊಳ್ಳುವ ರಾಜಕೀಯವನ್ನು ಅವರ ಹಿರಿಮೆಯ ನೆರಳಿನಲ್ಲಿ ಮರೆಮಾಡಲೂ ಆಗದು.

ಅದೇ 2024ರಲ್ಲಿ ನೈರೋಬಿಯ ವಿಮಾನ ನಿಲ್ದಾಣವನ್ನು ಭಾರತದ ಅದಾನಿ ಸಮೂಹಕ್ಕೆ ಮೂವತ್ತು ವರ್ಷ ಒಪ್ಪಿಸುವ ಪ್ರಸ್ತಾಪ ಗುಟ್ಟಾಗಿ ನಡೆದಿತ್ತು. ಅದು ಹೊರಬಿದ್ದಾಗ ಸೆಪ್ಟೆಂಬರ್‌ನಲ್ಲಿ ನಿಲ್ದಾಣದ ನೌಕರರು ಮುಷ್ಕರ ಹೂಡಿದರು, ವಕೀಲರು ನ್ಯಾಯಾಲಯಕ್ಕೆ ಹೋದರು. ಅಮೆರಿಕದಲ್ಲಿ ಆ ಸಮೂಹದ ಮುಖ್ಯಸ್ಥರ ಮೇಲೆ ಆರೋಪಪಟ್ಟಿ ಹೊರಬಿದ್ದ ಬೆನ್ನಲ್ಲೇ, ನವೆಂಬರ್ 21ರಂದು, ರುಟೊ ಅದನ್ನೂ ವಿದ್ಯುತ್ ಮಾರ್ಗಗಳ ಒಪ್ಪಂದವನ್ನೂ ರದ್ದುಪಡಿಸಿದರು. ಧಾರವಾಡದಲ್ಲಿ ಓದಿದವನೊಬ್ಬ ಕೀನ್ಯಾದ ನೆಲಕ್ಕಾಗಿ ಪ್ರಾಣ ಕೊಟ್ಟ ಕಾಲವೂ ಒಂದಿತ್ತು. ಇಂದು ನಮ್ಮ ದೇಶದ ಹೆಸರು ಅಲ್ಲಿನ ಬೀದಿಗಳಲ್ಲಿ ಯಾವ ಕಾರಣಕ್ಕೆ ಕೇಳಿಬರುತ್ತಿದೆ ಎಂದು ನಾವು ಯೋಚಿಸಬೇಕು.

ನಮ್ಮ ಪಾಲಿನ ಪಾಠ

ಮಾಥಾಯ್ ಹಳ್ಳಿಗಳ ತರಬೇತಿ ಸಭೆಗಳಲ್ಲಿ ತಪ್ಪು ಬಸ್ಸು ಹತ್ತಿದವರ ಉದಾಹರಣೆ ಕೊಡುತ್ತಿದ್ದರು. ಜನ ತಮ್ಮ ಕಷ್ಟಗಳ ಪಟ್ಟಿ ಮಾಡುವರು; ಎಲ್ಲಕ್ಕೂ ಸರ್ಕಾರವೇ ಕಾರಣ ಎನ್ನುವರು. ತಪ್ಪು ಬಸ್ಸು ಹತ್ತುವವರು ಯಾಕೆ ಹತ್ತುತ್ತಾರೆ ಎಂದು ಅವರು ಕೇಳುವರು. ಬೋರ್ಡು ಓದಲು ಬರದೆ, ಯಾರದೋ ಮಾತು ನಂಬಿ, ಹೆದರಿ, ಕೇಳಲು ನಾಚಿ, ಇಲ್ಲವೇ ಸೋಮಾರಿತನದಿಂದ. ಚಾಲಕನನ್ನು ಬಯ್ದ ಮಾತ್ರಕ್ಕೆ ಬಸ್ಸು ಊರಿಗೆ ಹೋಗುವುದಿಲ್ಲ. ಕೇಳಿ, ಇಳಿದು, ಸರಿಯಾದುದನ್ನು ಹತ್ತಬೇಕು. 2011ರಲ್ಲಿ ತೀರಿಕೊಂಡ ಆ ತಾಯಿಯ ಚಳವಳಿಯ ತಿರುಳು ಇದು. ಸಸಿಮಡಿ ಆಕೆಗೆ ಪಾಠಶಾಲೆಯೂ ಆಗಿತ್ತು. ಅಲ್ಲಿ ಲೆಕ್ಕ ಇಡಲು ಕಲಿತ ಹೆಂಗಸು ಸರ್ಕಾರದ ಲೆಕ್ಕವನ್ನೂ ಕೇಳಿದಳು.

ಆದ್ದರಿಂದ ರಾಜಕೀಯ ಬೇಡ ಎನ್ನುವವರಿಗೆ ಸಂಘಟನೆಗಳು ಕೊಡಬೇಕಾದ ಉತ್ತರ ಸ್ಪಷ್ಟ. ಪಕ್ಷದ ಬಾವುಟ ನಮಗೆ ಬೇಡ. ಅದು ಯಾವ ಬಣ್ಣದ್ದಾದರೂ ಸರಿ. ಗೆದ್ದ ಮರುದಿನ ಅವರನ್ನೇ ಪ್ರಶ್ನಿಸುವ ಸ್ವಾತಂತ್ರ್ಯ ನಮಗೆ ಉಳಿಯಬೇಕು. ಆದರೆ ಅಧಿಸೂಚನೆ ಓದುವುದು, ಪಹಣಿ ತೆಗೆಸುವುದು, ಗ್ರಾಮಸಭೆಯಲ್ಲಿ ಎದ್ದು ನಿಲ್ಲುವುದು, ಬಂಧನಕ್ಕೊಳಗಾದವರ ಮನೆಗೆ ಹೋಗುವುದು, ಊರನ್ನು ‘ನಮ್ಮವರು–ಹೊರಗಿನವರು’ ಎಂದು ಒಡೆಯಲು ಬಂದವರನ್ನು ಅಂಗಳದಿಂದಲೇ ಕಳಿಸುವುದು, ಕಾಡಿನ ಹೆಸರಿನಲ್ಲಿ ಕಾಡಿನ ಮಕ್ಕಳನ್ನು ಒಕ್ಕಲೆಬ್ಬಿಸಿದಾಗ ಅವರ ಜತೆ ನಿಲ್ಲುವುದು, ಇವೆಲ್ಲ ರಾಜಕೀಯವಾದರೆ ನಾವು ರಾಜಕೀಯದವರೇ. ಇಷ್ಟನ್ನೂ ಬಿಟ್ಟು ಗಿಡ ಮಾತ್ರ ನೆಡುತ್ತೇವೆ ಎಂದರೆ, ಮುಂದೊಂದು ದಿನ ಆ ಗಿಡ ಬೆಳೆದು ಮರವಾದಾಗ ಅದು ಯಾರ ನೆಲದಲ್ಲಿದೆ ಎಂಬುದನ್ನು ಹೇಳಲು ನಮಗೆ ಬಾಯಿಯೇ ಇರುವುದಿಲ್ಲ.